ವ್ಯಾಟಿಗಿಂತ ಮೊದಲು ಓಮ್: ಮನೆಯ ಆಂಪ್ಲಿಫೈಯರಿಗೆ ಸ್ಪೀಕರ್ ಹೊಂದಿಸುವ ಕ್ರಮ

ಮನೆಯಲ್ಲಿ ಸಂಗೀತ ಕೇಳುವುದಕ್ಕೆಂದು ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಎಷ್ಟು ವ್ಯಾಟ್?’ ಎಂದು. ನೂರು ವ್ಯಾಟಿನ ಆಂಪ್ಲಿಫೈಯರಿಗೆ ನೂರು ವ್ಯಾಟಿನ ಸ್ಪೀಕರ್, ಐವತ್ತರದಕ್ಕೆ ಐವತ್ತರದು ಎಂದು ಲೆಕ್ಕ ಹಾಕಿ, ಸಂಖ್ಯೆಗಳು ಕೂಡಿಬಂದರೆ ಸಾಕೆಂದು ಮನೆಗೆ ತರುತ್ತಾರೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ಕೊನೆಯಲ್ಲಿ ಮಾಡಬೇಕಾದ ಲೆಕ್ಕ. ಅದಕ್ಕೂ ಮೊದಲು ನೋಡಬೇಕಾದವು ಮೂರು: ಸ್ಪೀಕರಿನ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ), ಅದರ ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಅದು ಮಾಡುವ ಸದ್ದು), ಮತ್ತು ನೀವು ಕೂರುವ ಜಾಗಕ್ಕೂ ಸ್ಪೀಕರಿಗೂ ನಡುವಿನ ದೂರ. ಈ ಮೂರು ತಿಳಿದರೆ ಎಷ್ಟು ವ್ಯಾಟ್ ಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಈ ಕ್ರಮವನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಹಲವು ವರ್ಷಗಳ ಹಿಂದೆ ಸಾಗರದ ಹತ್ತಿರ ಬಂಧುಗಳ ಮನೆಯ ಗೃಹಪ್ರವೇಶಕ್ಕೆ ನನ್ನ ಆಂಪ್ಲಿಫೈಯರನ್ನು ಒಯ್ದಿದ್ದೆ. ನಡುಮನೆಯಲ್ಲಿ ಎರಡು ಸ್ಪೀಕರುಗಳಿದ್ದವು. ಜಗಲಿಯಲ್ಲಿ ಕುಳಿತವರಿಗೂ ಕೇಳಲಿ ಎಂದು ಇನ್ನೆರಡನ್ನು ತಂದು ಅದೇ ಟರ್ಮಿನಲ್ಲುಗಳಿಗೆ ಸೇರಿಸಿದೆ. ವ್ಯಾಟಿನ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ: ಆಂಪ್ಲಿಫೈಯರ್ ಚಾನೆಲೊಂದಕ್ಕೆ 60 ವ್ಯಾಟ್ ಕೊಡುವಂಥದು, ಸ್ಪೀಕರುಗಳು ಒಂದೊಂದೂ 60 ವ್ಯಾಟ್ ತಾಳುವಂಥವು. ಎರಡನೆಯ ಪಂಕ್ತಿಯ ಊಟ ಮುಗಿಯುವ ಮೊದಲೇ ಸುಟ್ಟ ವಾಸನೆ ಬಂದು ಸದ್ದು ನಿಂತಿತು. ಬಿಚ್ಚಿ ನೋಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೋಗಿದ್ದವು. ನಡುಮನೆಯ ಸ್ಪೀಕರುಗಳು 6 ಓಮಿನವು, ಜಗಲಿಯವು 4 ಓಮಿನವು. ಸಮಾಂತರವಾಗಿ ಸೇರಿದಾಗ ಆಂಪ್ಲಿಫೈಯರಿನ ಪಾಲಿಗೆ ಬಂದದ್ದು ಬರೀ 2.4 ಓಮ್. ಅದರ ಬೆನ್ನಿನ ಮೇಲೆ ‘6ರಿಂದ 16 ಓಮ್’ ಎಂದು ಅಚ್ಚಾಗಿದ್ದುದನ್ನು ನಾನು ಅಂದಿನವರೆಗೂ ಓದಿರಲಿಲ್ಲ.

ಮೊದಲ ಹೆಜ್ಜೆ: ಎರಡೂ ಪೆಟ್ಟಿಗೆಗಳ ಬೆನ್ನು ಓದಿ

ಸ್ಪೀಕರಿನ ಹಿಂಬದಿಯಲ್ಲಿ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಇದು ಆ ಸ್ಪೀಕರಿನ ಇಂಪೀಡೆನ್ಸ್, ಎಂದರೆ ಸ್ವರದ ರೂಪದಲ್ಲಿ ಬರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ. ಹತ್ತನೆಯ ತರಗತಿಯಲ್ಲಿ ಓದಿದ ರೋಧಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ರೋಧವು ಸ್ಥಿರವಾಗಿರುತ್ತದೆ, ಇಂಪೀಡೆನ್ಸ್ ಸ್ವರದ ಆವೃತ್ತಿಯೊಂದಿಗೆ ಏರಿಳಿಯುತ್ತದೆ. 8 ಓಮ್ ಎಂದು ಬರೆದ ಸ್ಪೀಕರು ತಗ್ಗಿನ ಸ್ವರ ನುಡಿಸುವ ತನ್ನ ವೂಫರಿನ ಅನುರಣನದ ಆವೃತ್ತಿಯಲ್ಲಿ 30 ಓಮಿಗೂ ಮೇಲೇರಬಹುದು, ಅದಕ್ಕಿಂತ ಸ್ವಲ್ಪ ಮೇಲಿನ ಸ್ವರಗಳಲ್ಲಿ 6 ಓಮಿನ ಆಸುಪಾಸಿಗೆ ಇಳಿಯಬಹುದು. ಆದ್ದರಿಂದ ಬೆನ್ನಿನ ಮೇಲಿನ ಸಂಖ್ಯೆಯನ್ನು ಒಂದು ಒಟ್ಟಂದಾಜೆಂದು ತಿಳಿಯಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಅತಿ ಕಡಿಮೆ ಇಂಪೀಡೆನ್ಸು ಬರೆದ ಸಂಖ್ಯೆಯ ಶೇ 80ಕ್ಕಿಂತ ಕೆಳಗಿಳಿಯಬಾರದು: 8 ಓಮಿನದು 6.4ಕ್ಕಿಂತ, 4 ಓಮಿನದು 3.2ಕ್ಕಿಂತ ಇಳಿಯುವಂತಿಲ್ಲ. ಎಲ್ಲ ತಯಾರಕರೂ ಇದನ್ನು ಪಾಲಿಸುವುದಿಲ್ಲ. ಮಾಹಿತಿ ಪತ್ರದಲ್ಲಿ ‘ಕನಿಷ್ಠ ಇಂಪೀಡೆನ್ಸ್’ ಎಂದು ಪ್ರತ್ಯೇಕವಾಗಿ ಕೊಟ್ಟಿದ್ದರೆ ದೊಡ್ಡ ಅಕ್ಷರದ ಸಂಖ್ಯೆಯನ್ನು ಬಿಟ್ಟು ಅದನ್ನೇ ನಂಬಿ.

ಹಳೆಯ ಸ್ಪೀಕರಿನ ಲೇಬಲ್ ಹರಿದುಹೋಗಿದ್ದರೆ ಮಲ್ಟಿಮೀಟರ್ ನೆರವಿಗೆ ಬರುತ್ತದೆ. ಸ್ಪೀಕರನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಮೀಟರನ್ನು 200 ಓಮಿನ ಸ್ಥಾನಕ್ಕೆ ತಿರುಗಿಸಿ, ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ಅಗ್ಗದ ಮೀಟರುಗಳಲ್ಲಿ ಅದು ಅರ್ಧ ಓಮಿನಷ್ಟೂ ಇರಬಹುದು. ಆಮೇಲೆ ಸ್ಪೀಕರಿನ ಟರ್ಮಿನಲ್ಲುಗಳನ್ನು ಅಳೆದು ಅಷ್ಟನ್ನು ಕಳೆಯಿರಿ. ಉಳಿದದ್ದು 5.5ರಿಂದ 7ರವರೆಗೆ ಇದ್ದರೆ ಅದು 8 ಓಮಿನ ಸ್ಪೀಕರ್, 3ರಿಂದ 3.7ರವರೆಗೆ ಇದ್ದರೆ 4 ಓಮಿನದು. ಮೀಟರು ಬ್ಯಾಟರಿಯ ಡಿಸಿ ವಿದ್ಯುತ್ತಿನಿಂದ ತಂತಿಯ ರೋಧವನ್ನು ಮಾತ್ರ ಅಳೆಯುವುದರಿಂದ ಸಂಖ್ಯೆ ಯಾವಾಗಲೂ ಲೇಬಲಿಗಿಂತ ಕಡಿಮೆ ಬರುತ್ತದೆ. ಅದನ್ನು ಕಂಡು ಸ್ಪೀಕರು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ.

ಇನ್ನು ಆಂಪ್ಲಿಫೈಯರಿನ ಬೆನ್ನು. ಅಲ್ಲಿ ‘4–16 ಓಮ್’ ಎಂದಿದ್ದರೆ 4, 6, 8 ಯಾವುದನ್ನಾದರೂ ಜೋಡಿಸಬಹುದು. ‘6–16’ ಎಂದಿದ್ದರೆ 4 ಓಮಿನ ಸ್ಪೀಕರನ್ನು ಕೊಳ್ಳಬೇಡಿ. ‘ಎ’ ಮತ್ತು ‘ಬಿ’ ಎಂಬ ಎರಡು ಜೊತೆ ಟರ್ಮಿನಲ್ಲುಗಳಿರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಎ ಅಥವಾ ಬಿ ಒಂದನ್ನೇ ಬಳಸಿದರೆ ಒಂದು ಮಿತಿ, ಎರಡನ್ನೂ ಒಟ್ಟಿಗೆ ಬಳಸಿದರೆ ಅದರ ಇಮ್ಮಡಿ ಮಿತಿ ಬರೆದಿರುತ್ತದೆ. ಹೋಮ್ ಥಿಯೇಟರ್ ರಿಸೀವರುಗಳಲ್ಲಿ ಓಮನ್ನು ಆಯ್ದುಕೊಳ್ಳುವ ಒಂದು ಸ್ವಿಚ್ ಇರುವುದುಂಟು. ಹಲವು ಯಂತ್ರಗಳಲ್ಲಿ ಅದು ಒಳಗಿನ ವೋಲ್ಟೇಜನ್ನು ತಗ್ಗಿಸಿ ಬಿಸಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಯಂತ್ರಕ್ಕೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. 8 ಓಮಿನ ಸ್ಪೀಕರು ಇರುವಾಗ ಅದನ್ನು 4ಕ್ಕೆ ತಿರುಗಿಸಿಟ್ಟರೆ ಸಿಗಬೇಕಾದ ವ್ಯಾಟೂ ಸಿಗದೆ ಹೋಗುತ್ತದೆ.

ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವುಗಳಿರುವ ವಾಲ್ವ್ ಆಂಪ್ಲಿಫೈಯರುಗಳ ರೀತಿ ಬೇರೆ. ಅವುಗಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ 4, 8, 16 ಓಮಿಗೆ ಪ್ರತ್ಯೇಕ ಟರ್ಮಿನಲ್ಲುಗಳಿರುತ್ತವೆ. ಸ್ಪೀಕರಿನ ಸಂಖ್ಯೆಗೆ ಹೊಂದುವುದಕ್ಕೇ ಜೋಡಿಸಬೇಕು. ಸ್ಪೀಕರ್ ಇಲ್ಲದೆ ಅವನ್ನು ಚಾಲೂ ಮಾಡಿ ಹಾಡು ಹಾಕಿದರೆ ಟ್ರಾನ್ಸ್‌ಫಾರ್ಮರೇ ಹಾಳಾಗುವ ಅಪಾಯವಿದೆ.

ಓಮ್ ಇಳಿದರೆ ಒಳಗೆ ಏನಾಗುತ್ತದೆ

ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಸ್ಪೀಕರಿಗೆ ಕೊಡುವುದು ವೋಲ್ಟೇಜನ್ನು. ಆ ವೋಲ್ಟೇಜಿಗೆ ಎಷ್ಟು ಆಂಪಿಯರ್ ಎಳೆಯಬೇಕೆಂಬುದನ್ನು ಸ್ಪೀಕರು ನಿರ್ಧರಿಸುತ್ತದೆ. ಓಮ್ ಅರ್ಧವಾದರೆ ಅದೇ ವೋಲ್ಟೇಜಿಗೆ ವಿದ್ಯುತ್ ಇಮ್ಮಡಿಯಾಗಿ ಹರಿಯುತ್ತದೆ, ವ್ಯಾಟೂ ಇಮ್ಮಡಿಯಾಗುತ್ತದೆ, ಟ್ರಾನ್ಸಿಸ್ಟರುಗಳು ಹೊರಹಾಕಬೇಕಾದ ಬಿಸಿಯೂ ಇಮ್ಮಡಿಯಾಗುತ್ತದೆ. 4 ಓಮಿನ ಸ್ಪೀಕರಿಗೆ ‘ಹೆಚ್ಚು ಸೌಂಡ್’ ಬರುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಮಾತು ನಿಜ, ಆದರೆ ಆ ಹೆಚ್ಚಿನ ಸದ್ದಿನ ಬೆಲೆಯನ್ನು ತೆರುವುದು ಆಂಪ್ಲಿಫೈಯರು.

ತಾವೇ ಆಂಪ್ಲಿಫೈಯರ್ ಕಟ್ಟುವವರಿಗೆ ಚಿರಪರಿಚಿತವಾದ ಎಲ್‌ಎಂ 3886 ಎಂಬ ಐಸಿಯ (ಆಂಪ್ಲಿಫೈಯರಿನ ಸರ್ಕ್ಯೂಟು ಅಡಗಿರುವ ಚಿಪ್ಪಿನ) ಉದಾಹರಣೆಯನ್ನು ನೋಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡುಗಳನ್ನು ಹುಡುಕಿಕೊಂಡು ಹೋದವರು ಈ ಹೆಸರನ್ನು ಕೇಳದೆ ಹಿಂದಿರುಗಿರಲಾರರು. ಇದರ ಮಾಹಿತಿ ಪತ್ರದ ಪ್ರಕಾರ ಧನ 28, ಋಣ 28 ವೋಲ್ಟಿನ ಪೂರೈಕೆಯಲ್ಲಿ ಅದು 8 ಓಮಿಗೆ 38 ವ್ಯಾಟನ್ನೂ 4 ಓಮಿಗೆ 68 ವ್ಯಾಟನ್ನೂ ಕೊಡುತ್ತದೆ. ಸರಿಯಾಗಿ ಇಮ್ಮಡಿಯಾಗಿದ್ದರೆ 76 ಆಗಬೇಕಿತ್ತು. ಹೆಚ್ಚು ವಿದ್ಯುತ್ ಹರಿಯುವಾಗ ಒಳಗೇ ಕೊಂಚ ವೋಲ್ಟೇಜು ನಷ್ಟವಾಗುವುದರಿಂದ ಅಷ್ಟು ಬರುವುದಿಲ್ಲ. ಪೂರೈಕೆಯನ್ನು 35 ವೋಲ್ಟಿಗೆ ಏರಿಸಿದರೆ 8 ಓಮಿಗೆ 50 ವ್ಯಾಟ್ ಸಿಗುತ್ತದೆ. ಆದರೆ ಅದೇ 35 ವೋಲ್ಟಿನಲ್ಲಿ 4 ಓಮಿನ ಸ್ಪೀಕರನ್ನು ಜೋಡಿಸಿ ಜೋರಾಗಿ ಹಾಡಿಸಿದರೆ ಐಸಿಯ ಒಳಗಿನ ರಕ್ಷಣಾ ವ್ಯವಸ್ಥೆ ನಡುನಡುವೆ ತಡೆಯೊಡ್ಡಿ, ದನಿ ಕರಕರ ಎನ್ನತೊಡಗುತ್ತದೆ. ಇದನ್ನು ಕೇಳಿದವರು ಸಾಮಾನ್ಯವಾಗಿ ಐಸಿ ನಕಲಿ ಎಂದುಕೊಳ್ಳುತ್ತಾರೆ. ಎಷ್ಟೋ ಬಾರಿ ದೋಷವಿರುವುದು ಟ್ರಾನ್ಸ್‌ಫಾರ್ಮರಿನ ಆಯ್ಕೆಯಲ್ಲಿ.

ಅದರ ಲೆಕ್ಕ ಸುಲಭ. ಟ್ರಾನ್ಸ್‌ಫಾರ್ಮರಿನ ಒಂದು ಬದಿಯ ಎಸಿ ವೋಲ್ಟೇಜನ್ನು 1.414ರಿಂದ ಗುಣಿಸಿ, ಡಯೋಡುಗಳಿಗಾಗಿ ಸುಮಾರು 1 ವೋಲ್ಟ್ ಕಳೆದರೆ ಡಿಸಿ ವೋಲ್ಟೇಜು ಸಿಗುತ್ತದೆ. 20-0-20 (ನಡುವಿನಿಂದ ಎರಡೂ ಬದಿಗೆ 20 ವೋಲ್ಟಿನ) ಟ್ರಾನ್ಸ್‌ಫಾರ್ಮರಿನಿಂದ ಸುಮಾರು 27 ವೋಲ್ಟ್ ಬರುತ್ತದೆ. ಇದು 4 ಓಮಿನ ಸ್ಪೀಕರಿಗೆ ಒಪ್ಪುತ್ತದೆ. 24-0-24ರಿಂದ ಸುಮಾರು 33 ಬರುತ್ತದೆ. ಇದನ್ನು 8 ಓಮಿನ ಸ್ಪೀಕರಿಗೆ ಮೀಸಲಿಡಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಮನೆಗಳ ವಿದ್ಯುತ್ತು ಯಾವಾಗಲೂ 230 ವೋಲ್ಟಿನಲ್ಲೇ ನಿಲ್ಲುವುದಿಲ್ಲ. ರಾತ್ರಿ ಅದು 250ರ ಹತ್ತಿರ ಹೋದಾಗ 24-0-24ರ ಡಿಸಿ 36 ವೋಲ್ಟನ್ನು ಮುಟ್ಟುತ್ತದೆ. ಹಾಗಿರುವಾಗ 35 ವೋಲ್ಟಿನ ಫಿಲ್ಟರ್ ಕೆಪಾಸಿಟರ್ ಹಾಕಿದ ಬೋರ್ಡನ್ನು ಅದಕ್ಕೆ ಜೋಡಿಸಿದರೆ ಕೆಪಾಸಿಟರು ಉಬ್ಬುವ ಅಪಾಯವಿದೆ. 50 ವೋಲ್ಟಿನದನ್ನೇ ಹಾಕಿಸಿ. ಟ್ರಾನ್ಸ್‌ಫಾರ್ಮರಿನ ಆಂಪಿಯರ್ ವಿಚಾರದಲ್ಲೂ ಜಿಪುಣತನ ಬೇಡ: 8 ಓಮಿನ ಸ್ಪೀಕರುಗಳಿಗೆ ಸಾಕಾಗಿದ್ದ ಟ್ರಾನ್ಸ್‌ಫಾರ್ಮರು 4 ಓಮಿನವನ್ನು ಹಾಕಿದ ದಿನದಿಂದ ಇಮ್ಮಡಿ ದುಡಿಯಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಸೆನ್ಸಿಟಿವಿಟಿ ಮತ್ತು ದೂರ

ಜನ ಅತಿ ಕಡಿಮೆ ಗಮನ ಕೊಡುವ ಸಂಖ್ಯೆ ಇದು. ನನ್ನ ಅನುಭವದಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದ ಸಂಖ್ಯೆಯೂ ಇದೇ. ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಸೆನ್ಸಿಟಿವಿಟಿ. ಮನೆಯ ಸ್ಪೀಕರುಗಳಲ್ಲಿ ಅದು ಹೆಚ್ಚಾಗಿ 82ರಿಂದ 92ರ ನಡುವೆ ಇರುತ್ತದೆ. ಹತ್ತು ಡೆಸಿಬೆಲ್ಲಿನ ಈ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಆದರೆ ಡೆಸಿಬೆಲ್ಲಿನ ಲೆಕ್ಕದಲ್ಲಿ 3 ಹೆಚ್ಚಿಸಲು ವ್ಯಾಟನ್ನು ಇಮ್ಮಡಿ ಮಾಡಬೇಕು, 10 ಹೆಚ್ಚಿಸಲು ಹತ್ತು ಪಟ್ಟು ಮಾಡಬೇಕು. 92 ಡೆಸಿಬೆಲ್ಲಿನ ಸ್ಪೀಕರು 10 ವ್ಯಾಟಿನಲ್ಲಿ ಮಾಡುವ ಸದ್ದನ್ನು ಮಾಡಲು 82 ಡೆಸಿಬೆಲ್ಲಿನದಕ್ಕೆ 100 ವ್ಯಾಟ್ ಬೇಕು. ಆಂಪ್ಲಿಫೈಯರನ್ನು 50 ವ್ಯಾಟಿನಿಂದ 60 ವ್ಯಾಟಿನದಕ್ಕೆ ಬದಲಿಸಲು ಸಾವಿರಾರು ರೂಪಾಯಿ ಕೊಡುವವರು ಗಮನಿಸಬೇಕು: ಅದರಿಂದ ಸಿಗುವುದು ಒಂದು ಡೆಸಿಬೆಲ್ಲಿಗಿಂತಲೂ ಕಡಿಮೆ, ಕಿವಿಗೆ ಗೊತ್ತಾಗುವುದೇ ಕಷ್ಟ.

ಬ್ರಿಟನ್ನಿನ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಲ್ಲಿ ಬಳಸಲೆಂದು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರು ಇದಕ್ಕೆ ಒಳ್ಳೆಯ ನಿದರ್ಶನ. ಮನುಷ್ಯರ ದನಿಯನ್ನು ಅದು ನುಡಿಸುವ ರೀತಿಗಾಗಿ ಇಂದಿಗೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ಅದರ ಇಂಪೀಡೆನ್ಸು ಮೊದಲು 15 ಓಮ್ ಇತ್ತು, 1980ರ ದಶಕದ ಕೊನೆಯ ಹೊತ್ತಿಗೆ 11 ಓಮ್ ಆಯಿತು. ಹಾಗಾಗಿ ಆಂಪ್ಲಿಫೈಯರಿಗೆ ಅದು ಹೊರೆಯೇ ಅಲ್ಲ. ಆದರೆ ಸೆನ್ಸಿಟಿವಿಟಿ 82–83 ಡೆಸಿಬೆಲ್ ಮಾತ್ರ. ತಾಳುವ ವ್ಯಾಟೂ ಕಡಿಮೆ. ಸಣ್ಣ ಕೋಣೆಯಲ್ಲಿ ಹತ್ತಿರ ಕುಳಿತು ಕೇಳುವವರಿಗೆ ಅದು ಚಿನ್ನ. ದೊಡ್ಡ ಹಾಲಿನಲ್ಲಿ ಮನೆಮಂದಿಯೆಲ್ಲ ಕೂತು ಕೇಳುವುದಕ್ಕೆ ಯಾವ ಆಂಪ್ಲಿಫೈಯರ್ ಜೋಡಿಸಿದರೂ ಅದು ಸಾಲದು.

ಈಗ ನಿಮ್ಮ ಮನೆಯ ಲೆಕ್ಕ. ಕೂರುವ ಜಾಗದಿಂದ ಸ್ಪೀಕರಿಗೆ 3 ಮೀಟರ್, ಎಂದರೆ ಸುಮಾರು ಹತ್ತು ಅಡಿ ದೂರವೆಂದು ಇಟ್ಟುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. 3 ಮೀಟರಿಗೆ ಸುಮಾರು 9.5 ಡೆಸಿಬೆಲ್ ನಷ್ಟ. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಕ್ಕೆ ಕೊಡುವುದರಿಂದ ನಷ್ಟ ಇಷ್ಟಾಗುವುದಿಲ್ಲ, ಆದರೂ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯೋಣ. ಎರಡು ಸ್ಪೀಕರುಗಳು ಒಟ್ಟಿಗೆ ನುಡಿಯುವುದರಿಂದ 3 ಡೆಸಿಬೆಲ್ ಸೇರುತ್ತದೆ. ಸ್ಪೀಕರಿನ ಸೆನ್ಸಿಟಿವಿಟಿ 86 ಆಗಿದ್ದರೆ, ಒಂದೊಂದಕ್ಕೆ 1 ವ್ಯಾಟ್ ಕೊಟ್ಟಾಗ ನಿಮ್ಮ ಕಿವಿಗೆ ಬರುವುದು 86ರಲ್ಲಿ 9.5 ಕಳೆದು 3 ಕೂಡಿಸಿದ 79.5, ಸುಮಾರು 80 ಡೆಸಿಬೆಲ್. ಮನೆಯಲ್ಲಿ ನೆಮ್ಮದಿಯಾಗಿ, ತುಂಬಿಕೊಂಡಂತೆ ಕೇಳುವುದಕ್ಕೆ ಈ ಸರಾಸರಿ ಸಾಕು. ಅಂದರೆ ಬಹುಪಾಲು ಹೊತ್ತು ಆಂಪ್ಲಿಫೈಯರು ಕೊಡುತ್ತಿರುವುದು ಒಂದೇ ಒಂದು ವ್ಯಾಟ್.

ಹಾಗಿದ್ದರೆ ಉಳಿದ ವ್ಯಾಟ್ ಯಾತಕ್ಕೆ? ಯಕ್ಷಗಾನದ ಒಂದು ಒಳ್ಳೆಯ ಧ್ವನಿಮುದ್ರಣವನ್ನು ಹಾಕಿ ಕೇಳಿ. ಭಾಗವತರ ದನಿ ಸರಾಸರಿ ಮಟ್ಟದಲ್ಲಿ ಸಾಗುತ್ತಿರುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕ್ಷಣದಲ್ಲಿ ಸದ್ದು ಆ ಮಟ್ಟಕ್ಕಿಂತ ಎಷ್ಟೋ ಮೇಲಕ್ಕೆ ಹಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಮೃದಂಗದ, ತಬಲಾದ ಹೊಡೆತಗಳೂ ಹೀಗೆಯೇ. ಮಟ್ಟವನ್ನು ಅಮುಕದೆ ಮಾಡಿದ ಧ್ವನಿಮುದ್ರಣದಲ್ಲಿ ಇಂಥ ಶಿಖರಗಳು ಸರಾಸರಿಗಿಂತ 15ರಿಂದ 20 ಡೆಸಿಬೆಲ್ ಮೇಲಿರುವುದು ಸಾಮಾನ್ಯ. 15 ಡೆಸಿಬೆಲ್ ಎಂದರೆ ಸುಮಾರು 32 ಪಟ್ಟು ವ್ಯಾಟ್, 18 ಎಂದರೆ 63 ಪಟ್ಟು. ಮೇಲಿನ ಉದಾಹರಣೆಯಲ್ಲಿ ಚೆಂಡೆಯ ಪೆಟ್ಟು ಪೆಟ್ಟಾಗಿಯೇ ಕೇಳಬೇಕಾದರೆ ಚಾನೆಲೊಂದಕ್ಕೆ 32ರಿಂದ 63 ವ್ಯಾಟ್ ಕೈಯಲ್ಲಿರಬೇಕು. ಸ್ಪೀಕರು 89 ಡೆಸಿಬೆಲ್ಲಿನದಾದರೆ ಇದರ ಅರ್ಧ ಸಾಕು, 83ರದ್ದಾದರೆ ಇಮ್ಮಡಿ ಬೇಕು.

ಸೆನ್ಸಿಟಿವಿಟಿಯನ್ನು ಓದುವಾಗ ಒಂದು ಮೋಸ ಹೋಗುವ ಜಾಗವಿದೆ. ಹಲವು ತಯಾರಕರು ‘1 ವ್ಯಾಟ್’ ಎನ್ನುವ ಬದಲು ‘2.83 ವೋಲ್ಟ್’ ಎಂದು ಬರೆಯುತ್ತಾರೆ. 8 ಓಮಿನ ಸ್ಪೀಕರಿಗೆ ಎರಡೂ ಒಂದೇ. ಆದರೆ 4 ಓಮಿನದಕ್ಕೆ 2.83 ವೋಲ್ಟ್ ಕೊಟ್ಟರೆ ಅದು ಎಳೆದುಕೊಳ್ಳುವುದು 2 ವ್ಯಾಟ್. ಹಾಗಾಗಿ ಅಲ್ಲಿ 88 ಎಂದು ಬರೆದಿದ್ದರೆ ವ್ಯಾಟಿನ ಲೆಕ್ಕಕ್ಕೆ 85 ಎಂದು ಇಟ್ಟುಕೊಳ್ಳಬೇಕು.

ಮೂರನೆಯ ಹೆಜ್ಜೆ: ಈಗ ವ್ಯಾಟ್

ಇಷ್ಟಾದ ಮೇಲೆ ಆಂಪ್ಲಿಫೈಯರಿನ ವ್ಯಾಟನ್ನು ನೋಡಿ, ಆದರೆ ಯಾವ ವ್ಯಾಟ್ ಎಂದು ಕೇಳಿ. 1990ರ ದಶಕದಲ್ಲಿ ಅಂಗೈಯಗಲದ ಸ್ಪೀಕರುಗಳಿದ್ದ ಕ್ಯಾಸೆಟ್ ಪ್ಲೇಯರುಗಳ ಮೇಲೂ ಸಾವಿರಗಟ್ಟಲೆ ‘ಪಿಎಂಪಿಒ’ ವ್ಯಾಟುಗಳನ್ನು ಅಚ್ಚು ಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಸಂಖ್ಯೆಗೆ ಯಾವ ಒಪ್ಪಿತ ಅಳತೆಯ ಕ್ರಮವೂ ಇಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮನೆಯ ಆಂಪ್ಲಿಫೈಯರುಗಳ ವ್ಯಾಟನ್ನು ಹೇಗೆ ಅಳೆದು ಹೇಳಬೇಕೆಂದು 1974ರಲ್ಲೇ ನಿಯಮ ಮಾಡಬೇಕಾಗಿ ಬಂದದ್ದು ಇಂಥ ಉತ್ಪ್ರೇಕ್ಷೆಗಳಿಂದಲೇ. ನೀವು ಹುಡುಕಬೇಕಾದ್ದು ‘ಆರ್‌ಎಂಎಸ್’ ಅಥವಾ ‘ನಿರಂತರ’ ಎಂದು ಹೇಳಿದ ವ್ಯಾಟನ್ನು. ಅದರ ಜೊತೆಗೆ ಎಷ್ಟು ಓಮಿಗೆ, ಎಷ್ಟು ಶೇಕಡಾ ಡಿಸ್ಟಾರ್ಷನ್ನಿನಲ್ಲಿ (ದನಿಯ ವಿರೂಪದಲ್ಲಿ) ಎಂಬ ಎರಡು ಮಾತುಗಳೂ ಇರಬೇಕು.

ಆ ಎರಡು ಮಾತುಗಳಿಲ್ಲದಿದ್ದರೆ ಸಂಖ್ಯೆ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಟಿಪಿಎ 3116 ಎಂಬ, ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯ ಐಸಿಯ ಬೋರ್ಡುಗಳು ಸಾಕ್ಷಿ. ‘50 ವ್ಯಾಟ್ + 50 ವ್ಯಾಟ್’ ಎಂದು ಮಾರುವ ಈ ಸಂಖ್ಯೆ ಬರುವುದು 21 ವೋಲ್ಟಿನ ಪೂರೈಕೆಗೆ, 4 ಓಮಿನ ಸ್ಪೀಕರಿಗೆ, ಶೇ 10ರಷ್ಟು ಡಿಸ್ಟಾರ್ಷನ್ನಿನಲ್ಲಿ. ಶೇ 10 ಎಂದರೆ ದನಿ ಒಡೆದದ್ದು ಯಾರಿಗಾದರೂ ಕೇಳಿಸುವಷ್ಟು. ಅದೇ ಬೋರ್ಡನ್ನು ಮನೆಯಲ್ಲಿದ್ದ 12 ವೋಲ್ಟಿನ ಅಡಾಪ್ಟರಿಗೆ ಸಿಕ್ಕಿಸಿ 8 ಓಮಿನ ಸ್ಪೀಕರ್ ಜೋಡಿಸಿದರೆ, ದನಿ ಒಡೆಯುವ ಮೊದಲು ಸಿಗುವುದು ಹೆಚ್ಚೆಂದರೆ 9 ವ್ಯಾಟ್. ಬೋರ್ಡು ಕೆಟ್ಟದ್ದೇನಲ್ಲ, 18–21 ವೋಲ್ಟಿನ, ಸಾಕಷ್ಟು ಆಂಪಿಯರಿನ ಅಡಾಪ್ಟರನ್ನೂ ಒಳ್ಳೆಯ ಸೆನ್ಸಿಟಿವಿಟಿಯ ಸ್ಪೀಕರನ್ನೂ ಕೊಟ್ಟರೆ ಅದು ಕೊಟ್ಟ ಹಣಕ್ಕೆ ಮೀರಿ ನುಡಿಯುತ್ತದೆ. ಒಂದು ಸರಳ ಪರೀಕ್ಷೆಯನ್ನು ನೆನಪಿಡಿ: ಅಡಾಪ್ಟರಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಾಗ ಬರುವ ವ್ಯಾಟಿಗಿಂತ ಹೆಚ್ಚನ್ನು ಯಾವ ಆಂಪ್ಲಿಫೈಯರೂ ನಿರಂತರವಾಗಿ ಕೊಡಲಾರದು.

ಸ್ಪೀಕರಿನ ವ್ಯಾಟು ಹೇಳುವುದು ಅದು ಎಷ್ಟು ಬಿಸಿ ತಾಳುತ್ತದೆ ಎಂಬುದನ್ನು. ಅದಕ್ಕೆ ಎಷ್ಟು ಬೇಕು ಎಂಬುದನ್ನಲ್ಲ. 100 ವ್ಯಾಟಿನ ಸ್ಪೀಕರು 20 ವ್ಯಾಟಿನ ಆಂಪ್ಲಿಫೈಯರಿನಿಂದಲೂ ಚೆನ್ನಾಗಿ ನುಡಿಯುತ್ತದೆ. ಆರಿಸುವ ಕ್ರಮ ಇಷ್ಟು: ಹಿಂದಿನ ಹೆಜ್ಜೆಯಲ್ಲಿ ನಿಮ್ಮ ಕೋಣೆಗೆ ಬೇಕೆಂದು ಬಂದ ವ್ಯಾಟು ಆಂಪ್ಲಿಫೈಯರಿನ ಕನಿಷ್ಠ ಮಿತಿ; ಸ್ಪೀಕರಿನ ನಿರಂತರ ವ್ಯಾಟಿನ ಇಮ್ಮಡಿ ಅದರ ಗರಿಷ್ಠ ಮಿತಿ. ಇವೆರಡರ ನಡುವೆ ಹಣ ಒದಗಿದಷ್ಟು ದೊಡ್ಡದನ್ನು ಕೊಳ್ಳಿ. ಕನಿಷ್ಠವೇ ಗರಿಷ್ಠವನ್ನು ಮೀರಿದರೆ ಆ ಸ್ಪೀಕರು ಆ ಕೋಣೆಗಲ್ಲ.

ದೊಡ್ಡ ಆಂಪ್ಲಿಫೈಯರು ಸ್ಪೀಕರನ್ನು ಸುಡುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಚಿಕ್ಕದೂ ಸುಡುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ತನ್ನ ಶಕ್ತಿ ಮೀರಿ ದುಡಿಸಿದಾಗ ಆಂಪ್ಲಿಫೈಯರು ಸ್ವರದ ಅಲೆಯ ನೆತ್ತಿಯನ್ನು ಸಪಾಟಾಗಿ ಕತ್ತರಿಸುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಒಂದೇ ಎತ್ತರದ ದುಂಡು ಅಲೆಗಿಂತ ಪೂರ್ತಿ ಚೌಕವಾದ ಅಲೆಯಲ್ಲಿ ಇಮ್ಮಡಿ ವ್ಯಾಟಿರುತ್ತದೆ. ಕತ್ತರಿಸಿದ ಅಂಚುಗಳಿಂದ ಮೂಲದಲ್ಲಿಲ್ಲದ ಮೇಲಿನ ಸ್ವರಗಳು ಹುಟ್ಟಿ, ಅಂಥ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರಿಗೆ ಹೋಗುತ್ತವೆ. ಅಷ್ಟೇ ಅಲ್ಲ, ಬೇಸ್ ಮೇಲೇರಲಾಗದೆ ಅಲ್ಲೇ ನಿಂತಿರುವಾಗ ವಾಲ್ಯೂಮ್ ತಿರುಗಿಸುತ್ತ ಹೋದರೆ ಟ್ರೆಬಲ್ ಮಾತ್ರ ಏರುತ್ತ ಹೋಗುತ್ತದೆ. 100 ವ್ಯಾಟಿನ ಪೆಟ್ಟಿಗೆಯಲ್ಲೂ ಟ್ವೀಟರಿನ ಕೂದಲೆಳೆಯಂಥ ಸುರುಳಿ ನಿರಂತರವಾಗಿ ತಾಳುವುದು ಕೆಲವೇ ವ್ಯಾಟ್. ಸಮಾರಂಭಗಳಲ್ಲಿ ಚಿಕ್ಕ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿಟ್ಟ ಮನೆಗಳಲ್ಲಿ ವೂಫರ್ ಉಳಿದು ಟ್ವೀಟರ್ ಮಾತ್ರ ಸಾಯುವುದು ಹೀಗೆ. ಗಾಯಕರ ‘ಸ’ಕಾರ ಕಿವಿಗೆ ಚುಚ್ಚತೊಡಗಿದರೆ, ತಾಳವಾದ್ಯದ ಪೆಟ್ಟು ‘ಪಟ್’ ಎಂದು ಚಪ್ಪಟೆಯಾದರೆ, ಆ ಕ್ಷಣವೇ ವಾಲ್ಯೂಮ್ ತಗ್ಗಿಸಿ.

ವಾಲ್ಯೂಮ್ ಗುಬುಟು ಅರ್ಧ ತಿರುಗಿದ್ದರೆ ಅರ್ಧ ವ್ಯಾಟು ಖರ್ಚಾಗುತ್ತಿದೆ ಎಂದು ನಂಬಬೇಡಿ. ಆಂಪ್ಲಿಫೈಯರು ಒಳಬಂದ ವೋಲ್ಟೇಜನ್ನು 20 ಪಟ್ಟು ಮಾಡುವಂಥದಾಗಿದ್ದು 8 ಓಮಿಗೆ 38 ವ್ಯಾಟ್ ಕೊಡುವಂಥದಾದರೆ, 0.87 ವೋಲ್ಟ್ ಒಳಬಂದಾಗಲೇ ಅದರ ಮಿತಿ ಮುಗಿಯುತ್ತದೆ. ಸಿಡಿ ಪ್ಲೇಯರು 2 ವೋಲ್ಟ್ ಕೊಡುತ್ತದೆ. ಹಾಗಾಗಿ ಗುಬುಟಿನಲ್ಲಿ ಇನ್ನೂ ಸಾಕಷ್ಟು ಜಾಗ ಉಳಿದಿರುವಾಗಲೇ ಆಂಪ್ಲಿಫೈಯರು ಕ್ಲಿಪ್ ಆಗತೊಡಗಿರಬಹುದು.

ಎರಡಕ್ಕಿಂತ ಹೆಚ್ಚು ಸ್ಪೀಕರುಗಳು

ನಾಲ್ಕು ಸ್ಪೀಕರ್ ಹಾಕಲೇಬೇಕೆನ್ನುವವರು ಸಮಾಂತರ ಜೋಡಣೆಯ ಸೂತ್ರವನ್ನು ಮರೆಯಬಾರದು: ಎರಡರ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿ. 8ಕ್ಕೆ 8 ಸೇರಿದರೆ 4. 8ಕ್ಕೆ 4 ಸೇರಿದರೆ 2.67. ಸರಣಿಯಲ್ಲಿ ಜೋಡಿಸಿದರೆ ಓಮುಗಳು ಕೂಡುತ್ತವೆ, ಆಂಪ್ಲಿಫೈಯರಿಗೆ ಅಪಾಯವಿಲ್ಲ. ಆದರೆ ಎರಡೂ ಒಂದೇ ಮಾದರಿಯ ಸ್ಪೀಕರುಗಳಾಗಿರಬೇಕು. ಬೇರೆ ಬೇರೆಯಾದರೆ ಒಂದರ ಇಂಪೀಡೆನ್ಸಿನ ಏರಿಳಿತವು ಇನ್ನೊಂದರ ಸ್ವರವನ್ನು ಕೆಡಿಸುತ್ತದೆ. ಎರಡು ಚಾನೆಲುಗಳನ್ನು ಬ್ರಿಡ್ಜ್ ಮಾಡಿ, ಎಂದರೆ ಎರಡನ್ನೂ ಒಟ್ಟುಗೂಡಿಸಿ, ಒಂದೇ ಸ್ಪೀಕರ್ ನಡೆಸುವಾಗ ಪ್ರತಿ ಚಾನೆಲಿಗೂ ಕಾಣುವುದು ಸ್ಪೀಕರಿನ ಓಮಿನ ಅರ್ಧದಷ್ಟು. 4 ಓಮಿನ ವರೆಗೆ ತಾಳುವ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿದರೆ 8 ಓಮಿನ ಸ್ಪೀಕರನ್ನೇ ಹಾಕಬೇಕು.

ತಂತಿ

ತಂತಿಯ ಬಗ್ಗೆ ಹರಡಿರುವ ದುಬಾರಿ ನಂಬಿಕೆಗಳಿಗೆ ಕಿವಿಗೊಡುವ ಅಗತ್ಯವಿಲ್ಲ. ಹೋಗಿ ಬರುವ ಎರಡೂ ಎಳೆಗಳ ಒಟ್ಟು ರೋಧವು ಸ್ಪೀಕರಿನ ಓಮಿನ ಶೇ 5ನ್ನು ಮೀರದಿದ್ದರೆ ಸಾಕು. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮೀಟರಿಗೆ ಸುಮಾರು 0.013 ಓಮ್ ಇರುತ್ತದೆ. 4 ಓಮಿನ ಸ್ಪೀಕರಿಗೆ 7 ಮೀಟರ್ ದೂರದವರೆಗೂ, 8 ಓಮಿನದಕ್ಕೆ ಅದರ ಇಮ್ಮಡಿಯವರೆಗೂ ಅದು ನಡೆಯುತ್ತದೆ. ಅದಕ್ಕಿಂತ ದೂರವಾದರೆ 2.5 ಚದರ ಮಿಲಿಮೀಟರಿನದನ್ನು ತನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಹಲವು ಎಳೆಗಳ ಮೆತ್ತನೆಯ ಎರಡು ಕೋರಿನ ತಾಮ್ರದ ತಂತಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ತಾಮ್ರದ ಲೇಪನ ಮಾಡಿದ ಅಲ್ಯೂಮಿನಿಯಂ ತಂತಿಯನ್ನೂ ಸ್ಪೀಕರ್ ವೈರ್ ಎಂದು ಮಾರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರವಲ್ಲ, ಒಂದು ಗಾತ್ರ ದಪ್ಪದ್ದು ಬೇಕಾಗುತ್ತದೆ.

ಕೊನೆಯ ಹೆಜ್ಜೆ: ಜೋಡಣೆ ಮತ್ತು ಪರೀಕ್ಷೆ

ವಿದ್ಯುತ್ ಪ್ಲಗ್ಗನ್ನು ತೆಗೆದ ಮೇಲೆಯೇ ಸ್ಪೀಕರಿನ ತಂತಿಗೆ ಕೈ ಹಾಕಿ. ತಂತಿಯ ಎಳೆಗಳನ್ನು ಹುರಿಮಾಡಿ, ಪಕ್ಕದ ಟರ್ಮಿನಲ್ಲಿಗೆ ಒಂದು ಎಳೆಯೂ ಚಾಚದಂತೆ ಬಿಗಿಯಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರು ತಿರುವುಮುರುವಾದರೆ ಬೇಸ್ ಬಡವಾಗುತ್ತದೆ, ಹಾಡುವವರ ದನಿ ಇಂಥ ಕಡೆಯಿಂದ ಬರುತ್ತಿದೆ ಎಂದು ಗುರುತಿಸಲಾಗುವುದಿಲ್ಲ. ಗುರುತು ಅಳಿಸಿಹೋದ ಹಳೆಯ ವೂಫರಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದನ್ನು ಕ್ಷಣಮಾತ್ರ ತಾಗಿಸಿ. ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಧನ ತುದಿ ಮುಟ್ಟಿದ್ದೇ ಧನ ಟರ್ಮಿನಲ್. ಕ್ಲಾಸ್ ಡಿ ಬೋರ್ಡುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಎರಡು ಚಾನೆಲುಗಳ ಕಪ್ಪು ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು, ಭೂಮಿಗೂ ಸೇರಿಸಬಾರದು. ಅವುಗಳಲ್ಲಿ ಹೆಚ್ಚಿನವಕ್ಕೆ ಕಪ್ಪು ತುದಿಯಲ್ಲೂ ಸ್ವರವಿರುತ್ತದೆ.

ಸ್ವತಃ ಕಟ್ಟಿದ ಅಥವಾ ರಿಪೇರಿಯಾಗಿ ಬಂದ ಆಂಪ್ಲಿಫೈಯರಾದರೆ ಸ್ಪೀಕರನ್ನು ಕೂಡಲೇ ಜೋಡಿಸಬೇಡಿ. ಟ್ರಾನ್ಸ್‌ಫಾರ್ಮರಿನ ಯಂತ್ರವನ್ನು ಮೊದಲ ಸಲ ಹಳೆಯ ಮಾದರಿಯ 60 ಅಥವಾ 100 ವ್ಯಾಟಿನ ತಂತಿ ಬಲ್ಬನ್ನು ಸರಣಿಯಲ್ಲಿಟ್ಟ ಸೀರೀಸ್ ಬೋರ್ಡಿನ ಮೂಲಕ ಚಾಲೂ ಮಾಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ. ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಮೇಲೆ ಇನ್‌ಪುಟ್ಟಿಗೆ ಏನನ್ನೂ ಕೊಡದೆ, ಸ್ಪೀಕರಿನ ಟರ್ಮಿನಲ್ಲುಗಳ ನಡುವಿನ ಡಿಸಿ ವೋಲ್ಟೇಜನ್ನು ಅಳೆಯಿರಿ. ಅದು 50 ಮಿಲಿವೋಲ್ಟಿನೊಳಗೆ ಇರಬೇಕು. 100ನ್ನು ಮೀರಿದರೆ ತಂತ್ರಜ್ಞರಿಗೆ ತೋರಿಸಿ. ವೋಲ್ಟುಗಳಲ್ಲಿಯೇ ಇದ್ದರೆ ಅದಕ್ಕೆ ಜೋಡಿಸಿದ ವೂಫರು ಆ ಡಿಸಿಯಲ್ಲಿ ಬೆಂದುಹೋಗುತ್ತದೆ.

ಎಲ್ಲ ಸರಿಯಿದ್ದರೆ ವಾಲ್ಯೂಮ್ ಪೂರ್ತಿ ತಗ್ಗಿಸಿ, ಸ್ಪೀಕರ್ ಜೋಡಿಸಿ, ನಿಮಗೆ ಬಾಯಿಪಾಠವಾಗಿರುವ ಒಂದು ಧ್ವನಿಮುದ್ರಣವನ್ನು ಹಾಕಿ. ತಾಳವಾದ್ಯ ಇರುವಂಥದೇ ಆಗಲಿ. ನೀವು ಯಾವಾಗಲೂ ಕೇಳುವ ಮಟ್ಟದಲ್ಲಿ ಅರ್ಧ ಗಂಟೆ ನುಡಿಸಿ, ಆಮೇಲೆ ಆಂಪ್ಲಿಫೈಯರಿನ ಮೇಲ್ಭಾಗವನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಕೈಯನ್ನು ಐದು ಸೆಕೆಂಡ್ ಇಡಲಾಗದಷ್ಟು ಸುಡುತ್ತಿದ್ದರೆ ಓಮ್ ತೀರಾ ಕಡಿಮೆಯಾಗಿದೆ ಅಥವಾ ಗಾಳಿ ಸಾಲದಾಗಿದೆ. ಮುಚ್ಚಿದ ಶೋಕೇಸಿನಲ್ಲಿಟ್ಟು ಮೇಲೆ ಕಸೂತಿ ಬಟ್ಟೆ ಹೊದಿಸಿದ ಆಂಪ್ಲಿಫೈಯರು ಬೇಸಿಗೆಯಲ್ಲಿ ಕೆಡದೆ ಉಳಿಯುವುದು ಕಷ್ಟ. ಮೇಲೆ ನಾಲ್ಕು ಬೆರಳಿನಷ್ಟಾದರೂ ತೆರೆದ ಜಾಗ ಬಿಡಿ.

ಇದಾದ ಮೇಲೆ ಒಂದು ಚೀಟಿಯಲ್ಲಿ ಆಂಪ್ಲಿಫೈಯರು ತಾಳುವ ಕನಿಷ್ಠ ಓಮ್, ಈಗ ಜೋಡಿಸಿರುವ ಸ್ಪೀಕರಿನ ಓಮ್, ನೀವು ಅಳೆದ ಡಿಸಿ ಮಿಲಿವೋಲ್ಟ್ ಮತ್ತು ಅಳೆದ ದಿನಾಂಕ ಇವಿಷ್ಟನ್ನು ಬರೆದು ಯಂತ್ರದ ಬೆನ್ನಿಗೆ ಅಂಟಿಸಿ. ಮುಂದೊಂದು ದಿನ ಮನೆಯಲ್ಲಿ ಯಾರಾದರೂ ಜಗಲಿಗೂ ಒಂದು ಜೊತೆ ಸ್ಪೀಕರ್ ಎಳೆಯಲು ಹೊರಟರೆ, ತಂತಿ ಸಿಕ್ಕಿಸುವ ಮೊದಲು ಅವರ ಕಣ್ಣಿಗೆ ಬೀಳುವುದು ಆ ಚೀಟಿಯೇ.